ಎಟಿಸಿ ಹೇಳಿದ್ದು ಕೇಳ್ಬೇಕು, ಆದ್ರ ವಿಮಾನ ನಿಮ್ಮ ಕೈಯಾಗೈತಿ: ಹೊಸ ಪೈಲಟ್‌ಗಳಿಗೆ ಒಂದೊಂದೇ ಹೆಜ್ಜಿ

ಕೊಪ್ಪಳದಿಂದ ಗಂಗಾವತಿಗೆ ಹೋಗೋ ಬಸ್ಸಿನ್ಯಾಗ ಮುಂದಿನ ಸೀಟಿಗೆ ಕುಂತು ಒಮ್ಮೆ ಡ್ರೈವರ್‌ನ ನೋಡ್ರಿ. ಕಂಡಕ್ಟರ್ ಬಾಗಲಾಗ ನಿಂತು ರೈಟ್ ರೈಟ್ ಅಂತಾನ, ಡ್ರೈವರ್ ಗೇರ್ ಹಾಕ್ತಾನ, ಆದ್ರ ಕ್ಲಚ್ ಬಿಡೋ ಮೊದ್ಲು ಕನ್ನಡ್ಯಾಗ ಒಮ್ಮೆ ಕಣ್ಣಾಡಿಸಿ ಬೈಕ್ ಬರಾಕತ್ತಿದ್ರ ನಿಂತುಬಿಡ್ತಾನ. ಕಂಡಕ್ಟರ್ ರೈಟ್ ಅಂದಿದ್ದ ಸರ್ ಅಂತ ಆಮ್ಯಾಲೆ ಹೇಳಿದ್ರ ಪೊಲೀಸರು ಕೇಳಂಗಿಲ್ಲ, ಸ್ಟೀರಿಂಗ್ ಯಾರ ಕೈಯಾಗಿತ್ತು ಅಂತ ಕೇಳ್ತಾರ. ಹಂಗಂತ ಹೋಲ್ಡಾನ್ ಅಂದ್ರೂ ನಿಲ್ಲಸದ ಡ್ರೈವರ್‌ನ ಯಾರೂ ಶ್ಯಾಣ್ಯಾ ಅನ್ನಂಗಿಲ್ಲ, ಯಾಕಂದ್ರ ಹಿಂದಿನ ಬಾಗಲ ಕಾಣೋದು ಕಂಡಕ್ಟರ್‌ಗೆ, ಅವನಿಗಲ್ಲ.

ಪೈಲಟ್ ಮತ್ತು ಎಟಿಸಿ (ಏರ್ ಟ್ರಾಫಿಕ್ ಕಂಟ್ರೋಲ್, ಅಂದ್ರ ನೆಲದ ಮ್ಯಾಲಿಂದ ರೇಡಿಯೊದಾಗ ವಿಮಾನಗಳಿಗೆ ದಾರಿ ಹೇಳೋರು) ನಡುವಿನ ವ್ಯವಹಾರ ನನಗ ತಲಿಗೆ ಹತ್ತಿದ್ದು ಹಿಂಗ. ಕಂಟ್ರೋಲರ್‌ಗೆ ಸುತ್ತಲಿನ ಎಲ್ಲಾ ವಿಮಾನ ಕಾಣ್ತಾವ, ನಿಮಗ ಕಾಣಂಗಿಲ್ಲ. ನಿಮ್ಮ ಎಂಜಿನ್ ಹೆಂಗ ಸದ್ದು ಮಾಡಾಕತ್ತೈತಿ, ಮುಂದಿನ ಮೋಡ ಎಷ್ಟು ಕಪ್ಪೈತಿ, ನಿಮ್ಮ ಕೈ ಎಷ್ಟು ನಡುಗಾಕತ್ತೈತಿ ಅನ್ನೋದು ನಿಮಗ ಗೊತ್ತು, ಅವರಿಗಲ್ಲ.

ಈಗ ನಮ್ಮ ಕಡಿ ಹುಡುಗರು ಹುಡುಗ್ಯಾರು ಫ್ಲೈಯಿಂಗ್ ಸ್ಕೂಲ್ ಸೇರಾಕತ್ತಾರ. ತೋರಣಗಲ್ಲಿನ್ಯಾಗ ವಿಮಾನ ಇಳಿಯೋದು ನೋಡಿಕೋಂತ ಬೆಳದೋರು ಅದಾರ, ರಾಯಚೂರಿನ ಯರಮರಸ್‌ದಾಗ ನಿಲ್ದಾಣದ ಕೆಲಸ ನೋಡಿ ಆಸಿ ಹುಟ್ಟಿದೋರು ಅದಾರ. ಅವರ ಜೋಡಿ ಮಾತಾಡಿದಾಗ ಎರಡು ನಮೂನಿ ಮಂದಿ ಸಿಗ್ತಾರ. ಒಬ್ರಿಗೆ ಎಟಿಸಿ ಅಂದ್ರ ಹೆಡ್‌ಮಾಸ್ತರ್, ಹೇಳಿದ್ದಕ್ಕ ಎದುರು ಮಾತಾಡಿದ್ರ ಲೈಸೆನ್ಸ್ ಹೋಗ್ತೈತಿ ಅಂತ ಅಂಜಿಕಿ. ಇನ್ನೊಬ್ರು ಪುಸ್ತಕದಾಗ ಫೈನಲ್ ಅಥಾರಿಟಿ ಅನ್ನೋ ಎರಡು ಪದ ಓದಿ, ಕಾಕ್‌ಪಿಟ್‌ನ್ಯಾಗ ನಾನ ಮಾಲಕ ಅಂದ್ಕೊಂಡಿರ್ತಾರ. ಎರಡೂ ಅಪಾಯ, ಆದ್ರ ನಮ್ಮ ಕಡಿ ಮಂದಿಯೊಳಗ ಮೊದಲನೇದ್ದು ಜಾಸ್ತಿ, ದೊಡ್ಡವರಿಗೆ ಇಲ್ಲ ಅನ್ನೋದು ನಮಗ ಸಣ್ಣಾಗಿನಿಂದ ಯಾರೂ ಕಲಸಿಲ್ಲ. ಅದಕ್ಕ ಈ ಬರಹ.

ಕಾನೂನು ಏನ್ ಹೇಳ್ತೈತಿ ಅನ್ನೋದು ಮೊದ್ಲು ಮುಗಿಸಿಬಿಡೋಣು. ಐಕಾವೊ ಅಂದ್ರ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅದರ 2ನೇ ಅನುಬಂಧದಾಗ ಹಾರಾಟದ ನಿಯಮ ಅದಾವ. ವಿಮಾನದ ವಿಷಯದಾಗ ಕೊನೀ ಅಧಿಕಾರ ಪೈಲಟ್ ಇನ್ ಕಮಾಂಡ್‌ದು, ಅಂದ್ರ ಆ ಹಾರಾಟದ ಮುಖ್ಯ ಪೈಲಟ್‌ದು, ಕಂಟ್ರೋಲ್ ಅವರ ಕೈಯಾಗ ಇರಲಿ ಇಲ್ಲದಿರಲಿ ನಿಯಮದ ಪ್ರಕಾರ ಹಾರಿಸೋ ಹೊಣಿನೂ ಅವರದ, ಸುರಕ್ಷತೆಗೆ ಖರೇನ ಬೇರೆ ದಾರಿ ಇಲ್ಲ ಅನ್ನೋ ಹೊತ್ತಿನ್ಯಾಗ ಅಷ್ಟಕ್ಕಷ್ಟ ನಿಯಮ ಬಿಡಬಹುದು ಅಂತ ಅಲ್ಲಿ ಐತಿ. ಎಟಿಸಿ ಕೊಟ್ಟ ಕ್ಲಿಯರೆನ್ಸ್, ಅಂದ್ರ ಹಿಂಗ ಹೋಗ್ರಿ ಅನ್ನೋ ಪರವಾನಗಿ, ನಿಮಗ ಒಗ್ಗದಿದ್ರ ಬೇರೆ ಕೇಳಬಹುದು, ಆಗೋ ಹಂಗಿದ್ರ ಕೊಡ್ತಾರ ಅಂತನೂ ಅಲ್ಲೇ ಐತಿ, ಈ ಸಾಲು ಮಾತ್ರ ಯಾರೂ ನೆನಪಿಟ್ಕೊಳ್ಳಂಗಿಲ್ಲ. ನಮ್ಮ ದೇಶದಾಗ ವಿಮಾನಯಾನ ನೋಡಿಕೊಳ್ಳೋ ಡಿಜಿಸಿಎ ನಿಯಮಗಳೂ ಇದೇ ಹಾದ್ಯಾಗ ಅದಾವ, 1934ರ ಏರ್‌ಕ್ರಾಫ್ಟ್ ಆ್ಯಕ್ಟ್ ಹೋಗಿ ಭಾರತೀಯ ವಾಯುಯಾನ ಅಧಿನಿಯಮ 2024 ಬಂದೈತಿ, 2025ರ ಜನವರಿ 1ರಿಂದ ಜಾರಿ. ಅಮೆರಿಕಕ್ಕ ಟ್ರೈನಿಂಗ್‌ಗೆ ಹೋಗೋರು ಅಲ್ಲಿನ ವಿಮಾನ ನಿಯಮದ 91.3 ಮತ್ತು 91.123 ಕಲಂ ಎರಡನ್ನೂ ಜೋಡಿಸಿ ಓದ್ರಿ. ಮೊದಲನೇದ್ದು ಅಧಿಕಾರ ಕೊಡ್ತೈತಿ. ಎರಡನೇದ್ದು, ಎಮರ್ಜೆನ್ಸಿ ಅಥವಾ ಟಿಕ್ಯಾಸ್ ಆರ್‌ಎ (ಡಿಕ್ಕಿ ತಪ್ಪಿಸೋ ಯಂತ್ರದ ಸೂಚನಿ) ಬಂದ್ರ ಬಿಟ್ರ ಕ್ಲಿಯರೆನ್ಸ್ ಮುರೀಬ್ಯಾಡ, ಬೇರೆ ಬೇಕಂದ್ರ ಕೇಳಿ ತಗೋ ಅಂತೈತಿ. ಮೊದಲನೇದ್ದಷ್ಟ ಓದಿದೋರು ಅರ್ಧ ಪೈಲಟ್.

ಮೊದಲನೇ ಹೆಜ್ಜಿ: ಇಲ್ಲ ಅನ್ನಬೇಕಾಗೋದು ಎಲ್ಲಿ ಅನ್ನೋದನ್ನ ನೆಲದ ಮ್ಯಾಲೇ ತಿಳ್ಕೊಳ್ರಿ

ಗಾಳ್ಯಾಗ ಹೋದಮ್ಯಾಲೆ ಲೆಕ್ಕ ಮಾಡಾಕ ಟೈಮ್ ಇರಂಗಿಲ್ಲ. ನಮ್ಮ ಸೀಮೀದ ಬಿಸಲಿನ ಲೆಕ್ಕಾನ ತಗೋರಿ. ರನ್‌ವೇ ಸಮುದ್ರ ಮಟ್ಟದಿಂದ 1500 ಅಡಿ ಐತಿ ಅಂದ್ಕೊಳ್ರಿ, ಅಲ್ಲಿ ಸ್ಟ್ಯಾಂಡರ್ಡ್ ತಾಪಮಾನ 12 ಡಿಗ್ರಿ ಇರ್ಬೇಕು. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ. ವ್ಯತ್ಯಾಸ 30, ಪ್ರತಿ ಡಿಗ್ರಿಗೆ ಸುಮಾರು 120 ಅಡಿ, ಅಂದ್ರ 3600 ಅಡಿ ಮ್ಯಾಲ ಕೂಡಿಸ್ರಿ. ನಿಮ್ಮ ಸೆಸ್ನಾ, ಅಂದ್ರ ಸಣ್ಣ ಟ್ರೈನಿಂಗ್ ವಿಮಾನ, ನಿಂತಿರೋದು 1500 ಅಡಿ ಮ್ಯಾಲ, ಬಿಸಿಗೆ ಗಾಳಿ ತೆಳುವಾಗಿ ಅದರ ರೆಕ್ಕಿಗೂ ಎಂಜಿನ್ನಿಗೂ ಅನಿಸೋದು 5100 ಅಡಿ. ರನ್‌ವೇ ಜಾಸ್ತಿ ತಿಂತೈತಿ, ಏರೋದು ನಿಧಾನ. ಇಂಥಾ ದಿನ ಎಟಿಸಿ ಎಕ್ಸ್‌ಪೆಡೈಟ್ ಕ್ಲೈಂಬ್ ಅಂದ್ರ, ಅಂದ್ರ ಲಗೂನ ಏರು ಅಂದ್ರ, ಮೂಗು ಎತ್ತಿ ಸ್ಪೀಡ್ ಕಳ್ಕೊಂಡು ಸ್ಟಾಲ್ (ರೆಕ್ಕಿ ವಿಮಾನನ ಎತ್ತಿ ಹಿಡಿಯದ ಸ್ಥಿತಿ) ಸನೇಕ ಹೋಗೋ ಹುಡುಗರು ಅದಾರ, ಹೇಳ್ಯಾರಲ್ಲ ಅಂತ. ಹಾರೋ ಮೊದ್ಲ ಹ್ಯಾಂಡ್‌ಬುಕ್ ಚಾರ್ಟ್ ತೆಗದು, ಇವತ್ತು ನನ್ನ ವಿಮಾನ ನಿಮಿಷಕ್ಕ ಎಷ್ಟು ಅಡಿ ಏರ್ತೈತಿ, ಅಡ್ಡಗಾಳಿ ಎಷ್ಟು ತಡಕೋತೈತಿ, ಎಷ್ಟು ಹೊತ್ತಿಗೆ ಇಂಧನ ಮುಟ್ಟಬಾರದ ಮಟ್ಟಕ್ಕ ಬರ್ತೈತಿ ಅಂತ ಮೂರು ಅಂಕಿ ತೊಡೀ ಮ್ಯಾಲಿನ ಪ್ಯಾಡಿನ್ಯಾಗ ಬರ್ಕೊಳ್ರಿ. ಆ ಅಂಕಿ ದಾಟೋ ಮಾತು ರೇಡಿಯೊದಾಗ ಬಂದ್ರ ಏನನ್ನಬೇಕು ಅನ್ನೋದು ಆಗಲೇ ತೀರ್ಮಾನ ಆಗಿರ್ತೈತಿ.

ಎರಡನೇ ಹೆಜ್ಜಿ: ಕೇಳ್ರಿ, ಬರೀರಿ, ತಿರುಗಿ ಹೇಳ್ರಿ

ರೀಡ್‌ಬ್ಯಾಕ್ ಅಂದ್ರ ಶಾಸ್ತ್ರಕ್ಕ ಮಾಡೋದಲ್ಲ. ರೂಟ್ ಕ್ಲಿಯರೆನ್ಸ್, ರನ್‌ವೇ ಒಳಗ ಹೋಗೋದು, ದಾಟೋದು, ಹೊರಗ ನಿಲ್ಲೋದು, ಟೇಕಾಫ್, ಲ್ಯಾಂಡಿಂಗ್, ಬ್ಯಾಕ್‌ಟ್ರ್ಯಾಕ್ (ರನ್‌ವೇ ಮ್ಯಾಲ ಉಲ್ಟಾ ಹೋಗೋದು), ಯಾವ ರನ್‌ವೇ ಅನ್ನೋದು, ಕ್ಯೂಎನ್‌ಎಚ್ (ಎತ್ತರದ ಯಂತ್ರಕ್ಕ ಹಾಕೋ ಗಾಳಿ ಒತ್ತಡದ ಅಂಕಿ), ಟ್ರಾನ್ಸ್‌ಪಾಂಡರ್ ಕೋಡ್ (ರಾಡಾರ್‌ದಾಗ ನಿಮ್ಮನ್ನ ಗುರುತಿಸೋ ನಂಬರ್), ಎತ್ತರ, ಹೆಡಿಂಗ್ (ಮೂಗಿನ ದಿಕ್ಕು), ಸ್ಪೀಡ್, ಇವನ್ನೆಲ್ಲ ಪೂರಾ ತಿರುಗಿ ಹೇಳ್ಬೇಕು, ಕೊನೀಗೆ ಕಾಲ್‌ಸೈನ್, ಅಂದ್ರ ನಿಮ್ಮ ವಿಮಾನದ ರೇಡಿಯೊ ಹೆಸರು. ರೋಜರ್ ಅಂದ್ರ ಕೇಳಿಸ್ತು ಅಂತ ಅಷ್ಟ, ಒಪ್ಪಿದೆ ಅಂತಲ್ಲ. ಮಾಡ್ತೀನಿ ಅನ್ನೋದಕ್ಕ ವಿಲ್ಕೋ. ಹೌದು ಅನ್ನಾಕ ಅಫರ್ಮ್, ಅಲ್ಲ ಅನ್ನಾಕ ನೆಗೆಟಿವ್. ಓಕೆ ಅನ್ನೋ ಪದ ರೇಡಿಯೊದಾಗ ಬಿಟ್ಟೇಬಿಡ್ರಿ. 1977ರ ಮಾರ್ಚ್ 27ರಂದು ಟೆನೆರಿಫ್‌ದಾಗ ಮಂಜಿನ ನಡುವ ಕೆಎಲ್‌ಎಂ ವಿಮಾನ ಟೇಕಾಫ್ ಕ್ಲಿಯರೆನ್ಸ್ ಇಲ್ಲದ ಓಡ್ತು, ಅವರು ಹೇಳಿದ ಮಾತು ಟವರ್‌ನವರಿಗೆ ಬೇರೆ ಅರ್ಥ ಕೊಡ್ತು, ಟವರ್‌ನವರ ಓಕೆ ಇವರಿಗೆ ಬೇರೆ ಅರ್ಥ ಕೊಡ್ತು, ರನ್‌ವೇ ಮ್ಯಾಲಿದ್ದ ಇನ್ನೊಂದು ವಿಮಾನಕ್ಕ ಬಡೀತು, 583 ಮಂದಿ ಹೋದ್ರು.

ತಿರುಗಿ ಹೇಳಿದ್ರಷ್ಟ ಸಾಲದು, ಹೇಳಿದ್ದನ್ನ ಮಾಡ್ಬೇಕು. 2024ರ ಜನವರಿ 2ರಂದು ಟೋಕಿಯೊದ ಹನೇಡಾದಾಗ ಕೋಸ್ಟ್ ಗಾರ್ಡ್ ವಿಮಾನಕ್ಕ ನೀವು ನಂಬರ್ ಒನ್, ಹೋಲ್ಡಿಂಗ್ ಪಾಯಿಂಟ್ (ರನ್‌ವೇ ಹೊರಗ ನಿಲ್ಲೋ ಜಾಗ) ಸಿ5ಗೆ ಹೋಗ್ರಿ ಅಂದ್ರು, ಅವರು ಹೋಲ್ಡಿಂಗ್ ಪಾಯಿಂಟ್ ಅಂತ ಸರಿಯಾಗೇ ತಿರುಗಿ ಹೇಳಿದ್ರು, ಹೇಳಿ ರನ್‌ವೇ ಮ್ಯಾಲೇ ಹೋಗಿ ನಿಂತ್ರು. ಅದೇ ರನ್‌ವೇಗೆ ಜಪಾನ್ ಏರ್‌ಲೈನ್ಸ್ ಎ350 ಇಳೀತು. ದೊಡ್ಡ ವಿಮಾನದಾಗಿನ 379 ಮಂದಿನೂ ಹೊರಗ ಬಂದ್ರು, ಕೋಸ್ಟ್ ಗಾರ್ಡ್‌ನ ಆರು ಮಂದ್ಯಾಗ ಐದು ಮಂದಿ ತೀರಿಕೊಂಡ್ರು. ನಂಬರ್ ಒನ್ ಅಂದ್ರ ಸಾಲಿನ್ಯಾಗ ಮುಂದಿನವರು ಅಂತ, ಒಳಗ ಹೋಗು ಅಂತಲ್ಲ. ರನ್‌ವೇ ಗೆರಿ ದಾಟೋ ಮೊದ್ಲು ಪ್ರತಿ ಸಲ ಬಾಯಿ ಬಿಟ್ಟು ಹೇಳ್ರಿ, ಈ ರನ್‌ವೇ ನಂಬರ್, ನನಗ ಕ್ಲಿಯರೆನ್ಸ್ ಐತಿ, ಎರಡೂ ಕಡಿ ನೋಡೀನಿ. ಕೆಂಪು ಸ್ಟಾಪ್ ಬಾರ್ ಲೈಟ್ ಹತ್ತಿದ್ರ ಕ್ಲಿಯರೆನ್ಸ್ ಕೊಟ್ರೂ ದಾಟಬ್ಯಾಡ್ರಿ, ಕೇಳ್ರಿ.

ನಮ್ಮ ದೇಶದ್ದ ಒಂದು ಗಾಯ ಐತಿ. 1996ರ ನವೆಂಬರ್ 12, ದಿಲ್ಲಿ ಸನೇಕ ಚರ್ಖಿ ದಾದ್ರಿ. ಕಝಾಕಿಸ್ತಾನದ ಇಲ್ಯೂಷಿನ್‌ಗೆ 15,000 ಅಡಿಗೆ ಇಳೀರಿ ಅಂದಿದ್ರು, ಸೌದಿ ಜಂಬೊಗೆ 14,000 ಅಡಿ ಕೊಟ್ಟಿದ್ರು. ಇಲ್ಯೂಷಿನ್ 15,000ದಾಗ ನಿಲ್ಲಲಿಲ್ಲ, ಕೆಳಗ ಬಂತು, ಎರಡೂ ಡಿಕ್ಕಿ ಹೊಡದ್ವು. 349 ಮಂದಿ ಸತ್ರು. ಆ ವಿಮಾನದಾಗ ಎಟಿಸಿ ಜೋಡಿ ಮಾತಾಡೋನು ಬೇರೆ, ಹಾರಸೋರು ಬೇರೆ, ಕೇಳಿದ ಅಂಕಿ ಮತ್ತು ಹಾರಿದ ಅಂಕಿ ಒಂದೇ ಐತೇನು ಅಂತ ಹೊಂದಿಸಿ ನೋಡೋ ಕೆಲಸ ನಡುವ ಎಲ್ಲೋ ಬಿದ್ದುಹೋತು. ಇದನ್ನ ನೆನಸಿದಾಗೆಲ್ಲ ಕಿವ್ಯಾಗ ಬಂದ ಅಂಕಿನ ಕೈ ಬಟ್ಟಿನಿಂದ ಆಲ್ಟಿಮೀಟರ್ (ಎತ್ತರ ತೋರಿಸೋ ಯಂತ್ರ) ಮ್ಯಾಲ ತೋರಿಸಿ ನೋಡೋ ಚಾಳಿ ನನಗ ಗಟ್ಟಿ ಆಗೈತಿ. ನೀವೂ ಮಾಡ್ಕೊಳ್ರಿ.

ಮೂರನೇ ಹೆಜ್ಜಿ: ಹೇಳಿದ್ದನ್ನ ಕಿಟಕಿ ಹೊರಗಿನದ್ದಕ್ಕ ಹೊಂದಿಸಿ ನೋಡ್ರಿ

ವಿಎಫ್‌ಆರ್‌ದಾಗ, ಅಂದ್ರ ಕಣ್ಣಿಲೆ ನೋಡಿ ಹಾರೋ ಹೊತ್ತಿನ್ಯಾಗ, ಎಟಿಸಿ ಹೆಡಿಂಗ್ ಕೊಟ್ರೂ ಮೋಡದಿಂದ ದೂರ ಇರೋದು, ಗುಡ್ಡ ತಪ್ಪಿಸೋದು, ಬೇರೆ ವಿಮಾನ ಹುಡುಕೋದು ನಿಮ್ಮ ಕೆಲಸಾನ. 10,000 ಅಡಿ ಕೆಳಗ 5 ಕಿಲೋಮೀಟರ್ ಕಾಣ್ಬೇಕು, ಮೋಡದಿಂದ ಅಡ್ಡಕ್ಕ 1500 ಮೀಟರ್, ಮ್ಯಾಲ ಕೆಳಗ 1000 ಅಡಿ ಬಿಡಬೇಕು. ನೀವು ಸಂಡೂರು ಗುಡ್ಡದ ಕಡಿ ಮುಖ ಮಾಡೀರಿ, ಮಳಿಗಾಲದ ಮೋಡ ಗುಡ್ಡದ ತಲಿ ಮುಚ್ಚೇತಿ, ಆಗ ಒಂದು ಹೆಡಿಂಗ್ ಬಂತು, ಹಿಡದ್ರ ಮೋಡದೊಳಗ ಹೋಗ್ತೀರಿ ಅಂತ ಇಟ್ಕೊಳ್ರಿ. ಹೇಳ್ಯಾರ ಅಂತ ಹೋಗೋದಲ್ಲ. ಆ ಹೆಡಿಂಗ್‌ಗೆ ವಿಎಂಸಿ (ಕಣ್ಣಿಲೆ ನೋಡಿ ಹಾರೋವಂಥ ಹವಾ) ಇರಂಗಿಲ್ಲ, ಎಡಕ್ಕ 20 ಡಿಗ್ರಿ ಬೇಕು ಅನ್ರಿ. ಐಎಫ್‌ಆರ್‌ದಾಗ, ಅಂದ್ರ ಯಂತ್ರ ನೋಡಿ ಹಾರೋ ಹೊತ್ತಿನ್ಯಾಗ, ರಾಡಾರ್ ವೆಕ್ಟರ್ (ರಾಡಾರ್ ನೋಡಿ ಹೇಳೋ ದಿಕ್ಕು) ಕೊಟ್ರ ಗುಡ್ಡದ ಎತ್ತರ ನೋಡೋದು ಕಂಟ್ರೋಲರ್ ಜವಾಬ್ದಾರಿ, ಆದ್ರೂ ಚಾರ್ಟ್ ಮ್ಯಾಲಿನ ಮಿನಿಮಮ್ ಎತ್ತರಕ್ಕಿಂತ ಕೆಳಗಿನ ಅಂಕಿ ಕೇಳಿಸಿದ್ರ ಕನ್ಫರ್ಮ್ ಅಂತ ಕೇಳಾಕ ಎರಡು ಸೆಕೆಂಡ್ ಸಾಕು.

ಕ್ಲಿಯರ್ಡ್ ಟು ಲ್ಯಾಂಡ್ ಅನ್ನೋದು ಪರವಾನಗಿ, ಹುಕುಂ ಅಲ್ಲ. ರನ್‌ವೇ ಮ್ಯಾಲ ನಾಯಿ ಕಂಡ್ರ, ಅಪ್ರೋಚ್ ಸ್ಥಿರ ಇಲ್ಲಾಂದ್ರ, ಮನಸ್ಸಿಗೆ ಸರಿ ಬರದಿದ್ರ ಗೋ ಅರೌಂಡ್, ಅಂದ್ರ ಇಳೀದ ಮತ್ತ ಮ್ಯಾಲ ಏರೋ ತೀರ್ಮಾನ, ನಿಮ್ಮದ. ಮೊದ್ಲು ಪವರ್ ಹಾಕ್ರಿ, ವಿಮಾನ ಏರಲಿ, ಆಮ್ಯಾಲೆ ರೇಡಿಯೊ. ದೊಡ್ಡ ವಿಮಾನದ ಹಿಂದ ಟೇಕಾಫ್ ಕೊಟ್ರ, ಗಾಳಿ ಸುಳಿ ತಣ್ಣಗಾಗಲಿ, ಇನ್ನೆರಡು ನಿಮಿಷ ಬೇಕು ಅನ್ನೋದೂ ನಿಮ್ಮದ.

ನಾಲ್ಕನೇ ಹೆಜ್ಜಿ: ಅನೇಬಲ್ ಅನ್ನೋದು ಕಲೀರಿ

ಅನೇಬಲ್ ಅಂದ್ರ ನನಗ ಆಗಂಗಿಲ್ಲ ಅಂತ. ನನಗ ಈ ಪದ ಬಾಯಿಗೆ ಬರಾಕ ಒಂದು ಕೆಟ್ಟ ಮಧ್ಯಾಹ್ನ ಬೇಕಾತು. ಸ್ಟೂಡೆಂಟ್ ಇದ್ದಾಗಿನ ಮಾತು, ಪಕ್ಕದಾಗ ಇನ್‌ಸ್ಟ್ರಕ್ಟರ್ ಸರ್, ಡೌನ್‌ವಿಂಡ್‌ನ್ಯಾಗ, ಅಂದ್ರ ರನ್‌ವೇ ಪಕ್ಕಕ್ಕ ಇಳಿಯೋ ದಿಕ್ಕಿಗೆ ಉಲ್ಟಾ ಹೋಗೋ ದಾರ್ಯಾಗ, ಇದ್ವಿ. ಹಿಂದ ಒಂದು ಏರ್‌ಲೈನ್ ವಿಮಾನ ಬರಾಕತ್ತಿತ್ತು, ಟವರ್‌ನವರು ಶಾರ್ಟ್ ಅಪ್ರೋಚ್ (ಲಗೂನ ತಿರುಗಿ ಸನೇಕದಿಂದ ಇಳಿಯೋದು) ಮಾಡ್ರಿ ಅಂದ್ರು, ನಾನು ಯೋಚನೀನೂ ಮಾಡದ ವಿಲ್ಕೋ ಅಂದೆ. ಎತ್ತರ ಜಾಸ್ತಿ, ಸ್ಪೀಡ್ ಜಾಸ್ತಿ, ತಿರುವು ಕಡಿದಾತು, ಫೈನಲ್‌ಗೆ, ಅಂದ್ರ ಇಳಿಯೋ ಕೊನೀ ನೇರ ದಾರಿಗೆ, ಬಂದಾಗ ರನ್‌ವೇ ನನ್ನ ಬಲಕ್ಕ ಉಳದಿತ್ತು, ಅದನ್ನ ಹಿಡಿಯಾಕ ನಾನು ಇನ್ನೂ ಜಗ್ಗಿದೆ. ಸರ್ ಕಂಟ್ರೋಲ್ ತಗೊಂಡು ಗೋ ಅರೌಂಡ್ ಮಾಡಿದ್ರು. ಕೆಳಗ ಇಳದಮ್ಯಾಲೆ ಅವರು ಬೈಲಿಲ್ಲ, ನಿನಗ ಆಗಂಗಿಲ್ಲ ಅಂತ ಯಾವಾಗ ಗೊತ್ತಾತು ಅಂತ ಒಂದೇ ಪ್ರಶ್ನೆ ಕೇಳಿದ್ರು. ಅವರು ಹೇಳಿದ ಕೂಡಲೇ ಸರ್ ಅಂದೆ. ಹಂಗಾದ್ರ ಆಗಲೇ ಯಾಕ ಹೇಳಲಿಲ್ಲ? ನನ್ನ ಹತ್ರ ಉತ್ತರ ಇರಲಿಲ್ಲ. ಟವರ್‌ನವರಿಗೆ ಸಿಟ್ಟು ಬರ್ತೈತಿ ಅನ್ನೋದು ಬಿಟ್ರ ಬೇರೆ ಕಾರಣಾನ ಇರಲಿಲ್ಲ.

ಕಂಟ್ರೋಲರ್‌ಗೆ ಸಿಟ್ಟು ಬರಂಗಿಲ್ಲ. ಅವರಿಗೆ ಬೇಕಾಗಿರೋದು ಖರೇ ಮಾತು, ಅದೂ ಲಗೂನ. ಅನೇಬಲ್ ಅಂತ ಆ ಕ್ಷಣಕ್ಕ ಹೇಳಿದ್ರ ಅವರ ಹತ್ರ ನಿಮಗ ಬೇರೆ ಜಾಗ ತೋರಸಾಕ ಟೈಮ್ ಇರ್ತೈತಿ, ಒಪ್ಪಿಕೊಂಡು ಅರ್ಧಕ್ಕ ಕೈ ಬಿಟ್ರ ಅವರು ಹಿಂದಿನ ವಿಮಾನನೂ ಎತ್ತಬೇಕಾಗ್ತೈತಿ. ಹೇಳೋ ಧಾಟಿ ಸರಳ ಐತಿ: ಆಗಂಗಿಲ್ಲ, ಯಾಕ, ಏನು ಆಗ್ತೈತಿ. ಅನೇಬಲ್ ಶಾರ್ಟ್ ಅಪ್ರೋಚ್, ಟೂ ಹೈ, ರಿಕ್ವೆಸ್ಟ್ ಎಕ್ಸ್‌ಟೆಂಡ್ ಡೌನ್‌ವಿಂಡ್, ಕಾಲ್‌ಸೈನ್. ಮುಗೀತು. ಕಾರಣ ಒಂದೆರಡು ಪದದಾಗ, ಕಥಿ ಬ್ಯಾಡ. ಯೋಚನಿ ಮಾಡಾಕ ಟೈಮ್ ಬೇಕಂದ್ರ ಸ್ಟ್ಯಾಂಡ್‌ಬೈ. ಕೇಳಿಸಲಿಲ್ಲಾಂದ್ರ ಸೇ ಅಗೇನ್, ಹತ್ತು ಸಲ ಆದ್ರೂ ಕೇಳ್ರಿ, ನಮ್ಮ ಇಂಗ್ಲಿಷ್ ಬಗ್ಗೆ ನಾಚಿಕಿ ಬ್ಯಾಡ, ಕನ್ನಡ ಮೀಡಿಯಂದಾಗ ಓದಿದೋರಿಗೆ ಇದು ಬಾಳ ಕಾಡ್ತೈತಿ ಅಂತ ಗೊತ್ತು, ನನಗೂ ಕಾಡಿತ್ತು. ಅನೇಬಲ್ ಅಂದಮ್ಯಾಲೆ ನಿಮ್ಮ ಮನಸ್ಸಿಗೆ ಬಂದಂಗ ಹಾರೋದಲ್ಲ, ಹೊಸ ಕ್ಲಿಯರೆನ್ಸ್ ಬರೋತನಕ ಮೊದಲಿನದ್ದನ್ನ ಹಿಡೀಬೇಕು. ಇನ್‌ಸ್ಟ್ರಕ್ಟರ್ ಪಕ್ಕದಾಗ ಇದ್ರ ಕಮಾಂಡ್ ಅವರದು, ಆದ್ರೂ ಸರ್ ನನಗ ಇದು ಸರಿ ಅನಸವಲ್ತು ಅಂತ ಬಾಯಿ ಬಿಡ್ರಿ. ಸೋಲೊ, ಅಂದ್ರ ಒಬ್ಬರ ಹಾರಿದಾಗ ಕಮಾಂಡ್ ನಿಮ್ಮದ.

ಮೋಡದ ವಿಷಯದಾಗ ಎಷ್ಟು ಲಗೂನ ಕೇಳ್ತೀರೋ ಅಷ್ಟು ದಾರಿ ಉಳೀತಾವ. 2025ರ ಮೇ 21ರಂದು ದಿಲ್ಲಿಯಿಂದ ಶ್ರೀನಗರಕ್ಕ ಹೊಂಟಿದ್ದ ಇಂಡಿಗೊ ವಿಮಾನ ಪಠಾಣ್‌ಕೋಟ್ ಹತ್ರ ಆಲಿಕಲ್ಲಿನ ಬಿರುಗಾಳಿಗೆ ಸಿಕ್ತು. ಗಡಿ ಕಡಿ ಸರಿಯಾಕ ಕೇಳಿದ್ರ ನಮ್ಮ ಕಡಿಯಿಂದ ಆಗಲಿಲ್ಲ, ಲಾಹೋರ್‌ನವರೂ ಕೊಡಲಿಲ್ಲ, ಹಿಂದ ತಿರುಗೋಣಂದ್ರ ಮೋಡ ಬಾಳ ಸನೇಕ ಬಂದಿತ್ತು. ಬಿರುಗಾಳಿ ದಾಟಿ, ಪ್ಯಾನ್ ಪ್ಯಾನ್ (ತುರ್ತು ಐತಿ ಅನ್ನೋ ರೇಡಿಯೊ ಕರೆ) ಹೇಳಿ, ಶ್ರೀನಗರದಾಗ ಇಳಿಸಿದ್ರು. ಆ ಸಿಬ್ಬಂದಿ ಮ್ಯಾಲ ತೀರ್ಪು ಕೊಡೋದು ನನ್ನ ಕೆಲಸ ಅಲ್ಲ. ಏಪ್ರಿಲ್ ಮೇದಾಗ ನಮ್ಮ ಕಡಿನೂ ಸಂಜೀಕ ಗುಡುಗು ಮೋಡ ಏಳ್ತಾವ, ಪಶ್ಚಿಮಕ್ಕ ಕಪ್ಪು ಕಂಡ ಕೂಡಲೇ ತಿರುಗಾಕ ಕೇಳ್ರಿ, ಸಿಗದಿದ್ರ ವಾಪಸ್ ಹೊಂಟೀನಿ ಅನ್ನಾಕ ಆಗ ಇನ್ನೂ ಜಾಗ ಇರ್ತೈತಿ.

ಐದನೇ ಹೆಜ್ಜಿ: ಕೇಳಾಕ ಟೈಮ್ ಇಲ್ಲದ ಹೊತ್ತು

ಎರಡು ಮೂರು ಸಂದರ್ಭದಾಗ ಮೊದ್ಲು ಮಾಡ್ಬೇಕು, ಆಮ್ಯಾಲೆ ಹೇಳ್ಬೇಕು. ಟಿಕ್ಯಾಸ್ ಇರೋ ವಿಮಾನದಾಗ ಆರ್‌ಎ ಬಂದ್ರ, ಅಂದ್ರ ಯಂತ್ರನ ಏರು ಇಲ್ಲ ಇಳಿ ಅಂತ ಕೂಗಿದ್ರ, ಎಟಿಸಿ ಉಲ್ಟಾ ಹೇಳಿದ್ರೂ ಯಂತ್ರದ್ದನ್ನ ಕೇಳ್ಬೇಕು. 5 ಸೆಕೆಂಡಿನ್ಯಾಗ ಶುರು ಮಾಡಿ, ಟಿಕ್ಯಾಸ್ ಆರ್‌ಎ ಅಂತ ಹೇಳಿದ್ರ ಕಂಟ್ರೋಲರ್ ನಿಮ್ಮ ದಾರಿ ಬದಲಸಾಕ ಹೋಗಬಾರದು ಅಂತ ನಿಯಮ. ಅವರು ಆಗಲೇ ಬೇರೆ ಸೂಚನಿ ಕೊಟ್ಟಿದ್ರ ಅನೇಬಲ್, ಟಿಕ್ಯಾಸ್ ಆರ್‌ಎ. ಮುಗಿದಮ್ಯಾಲೆ ಕ್ಲಿಯರ್ ಆಫ್ ಕಾನ್‌ಫ್ಲಿಕ್ಟ್ ಅಂತ ಹೇಳಿ ಹಳೇ ಎತ್ತರಕ್ಕ ಬರ್ಬೇಕು. ಯಾಕ ಇಷ್ಟು ಖಡಕ್ಕು ಅಂದ್ರ 2002ರ ಜುಲೈ 1. ಜರ್ಮನಿಯ ಊಬರ್‌ಲಿಂಗನ್ ಮ್ಯಾಲ ರಷ್ಯಾದ ಟುಪೊಲೆವ್‌ಗೆ ಟಿಕ್ಯಾಸ್ ಏರು ಅಂತು, ಕಂಟ್ರೋಲರ್ ಇಳಿ ಅಂದ, ಅವರು ಕಂಟ್ರೋಲರ್ ಮಾತು ಕೇಳಿ ಇಳದ್ರು. ಎದುರಿನ ಡಿಎಚ್‌ಎಲ್ ಬೋಯಿಂಗ್ ತನ್ನ ಟಿಕ್ಯಾಸ್ ಹೇಳಿದಂಗ ಇಳಿಯಾಕತ್ತಿತ್ತು. ಎರಡೂ ಡಿಕ್ಕಿ ಹೊಡದು 71 ಮಂದಿ ಸತ್ರು, ಅವರೊಳಗ ಬಾಳ ಮಂದಿ ಸಾಲೀ ಮಕ್ಕಳು. ಟ್ರೈನಿಂಗ್ ಸೆಸ್ನಾದಾಗ ಟಿಕ್ಯಾಸ್ ಇರೋದು ಕಡಿಮಿ, ಹಂಗಂತ ಈಗ ಕಲೀದೇ ಬಿಡಬ್ಯಾಡ್ರಿ. ಗುಡ್ಡ ಬಂತು ಅಂತ ಪುಲ್ ಅಪ್ ಕೂಗಿದ್ರೂ ಹಂಗ, ಮೊದ್ಲು ಜಗ್ಗು, ಆಮ್ಯಾಲೆ ಮಾತು.

ಎಂಜಿನ್ ಹೋದ್ರ ಮೊದ್ಲು ವಿಮಾನ ಹಾರಿಸು, ಆಮ್ಯಾಲೆ ದಾರಿ ನೋಡು, ಕೊನೀಗೆ ಮಾತಾಡು. 2009ರ ಜನವರಿ 15ರಂದು ನ್ಯೂಯಾರ್ಕ್‌ದಾಗ ಹಕ್ಕಿ ಬಡದು ಎರಡೂ ಎಂಜಿನ್ ಹೋದಾಗ ಎಟಿಸಿ ಕ್ಯಾಪ್ಟನ್ ಸಲ್ಲೆನ್‌ಬರ್ಗರ್‌ಗೆ ರನ್‌ವೇ ಕೊಡಾಕ ಮುಂದಾತು, ಅವರು ಅನೇಬಲ್ ಅಂದ್ರು, ಹಡ್ಸನ್ ನದ್ಯಾಗ ಇಳಿಸಿದ್ರು, 155 ಮಂದಿನೂ ಉಳದ್ರು. ಕಂಟ್ರೋಲರ್ ಸಹಾಯ ಮಾಡಾಕ ಕೊಟ್ಟಿದ್ದ ರನ್‌ವೇ ಅದು, ಆದ್ರ ಅಲ್ಲಿತನಕ ತೇಲಿ ಮುಟ್ಟತೈತೋ ಇಲ್ಲೋ ಅನ್ನೋದು ಗೊತ್ತಿದ್ದದ್ದು ಕಾಕ್‌ಪಿಟ್‌ನ್ಯಾಗ ಕುಂತವರಿಗೆ ಮಾತ್ರ.

ಆರನೇ ಹೆಜ್ಜಿ: ಮೇಡೇ ಅನ್ನಾಕ ಹಿಂದ ಮುಂದ ನೋಡಬ್ಯಾಡ್ರಿ

ಜೀವಕ್ಕ ಕುತ್ತು, ಈಗಲೇ ಸಹಾಯ ಬೇಕು ಅಂದ್ರ ಮೇಡೇ ಮೂರು ಸಲ. ತುರ್ತು ಐತಿ ಆದ್ರ ಈ ಕ್ಷಣ ಜೀವಕ್ಕೇನಿಲ್ಲ ಅಂದ್ರ ಪ್ಯಾನ್ ಪ್ಯಾನ್ ಮೂರು ಸಲ. ಆಮ್ಯಾಲೆ ಕಾಲ್‌ಸೈನ್, ಏನಾಗೈತಿ, ಏನ್ ಮಾಡ್ತೀರಿ, ಎಲ್ಲಿದ್ದೀರಿ, ಎತ್ತರ, ಎಷ್ಟು ಮಂದಿ, ಎಷ್ಟು ಇಂಧನ. ನೀವು ಆಗಲೇ ಮಾತಾಡಾಕತ್ತಿದ್ದ ಫ್ರೀಕ್ವೆನ್ಸ್ಯಾಗ ಹೇಳ್ರಿ, ಅದು ಆಗದಿದ್ರ 121.5. ಟ್ರಾನ್ಸ್‌ಪಾಂಡರ್ 7700. ಇದರ ಬದ್ಲಿ ಸ್ವಲ್ಪ ಪ್ರಾಬ್ಲಮ್ ಐತಿ, ಪ್ರಯಾರಿಟಿ ಕೊಡ್ರಿ ಅಂತ ಮೆತ್ತಗ ಹೇಳಿದ್ರ ಏನಾಗ್ತೈತಿ ಅನ್ನೋದಕ್ಕ 1990ರ ಜನವರಿ 25ರ ಅವಿಯಾಂಕಾ 52 ಸಾಕ್ಷಿ. ನ್ಯೂಯಾರ್ಕ್ ಹತ್ರ ಒಂದು ತಾಸಿಗಿಂತ ಜಾಸ್ತಿ ಗಾಳ್ಯಾಗ ಸುತ್ತಸಿದ್ರು, ಸಿಬ್ಬಂದಿ ಇಂಧನ ಮುಗಿಯಾಕತ್ತೈತಿ ಅಂದ್ರು, ಪ್ರಯಾರಿಟಿ ಅಂದ್ರು, ಎಮರ್ಜೆನ್ಸಿ ಅನ್ನೋ ಪದ ಮಾತ್ರ ಎಟಿಸಿಗೆ ಮುಟ್ಟಲೇ ಇಲ್ಲ. ನಾಲ್ಕೂ ಎಂಜಿನ್ ಆರಿ ಬಿತ್ತು, 73 ಮಂದಿ ಸತ್ರು. ಈಗ ಇದಕ್ಕ ಖಚಿತ ಪದ ಅದಾವ. ಇನ್ನು ತಡ ಮಾಡಿದ್ರ ಕೊನೀ ಮೀಸಲು ಇಂಧನಕ್ಕ ಕೈ ಹಾಕಬೇಕಾಗ್ತೈತಿ ಅಂದ್ರ ಮಿನಿಮಮ್ ಫ್ಯುಯೆಲ್. ಇದು ಎಚ್ಚರಿಕಿ, ಎಮರ್ಜೆನ್ಸಿ ಅಲ್ಲ. ಇಳಿಯೋ ಹೊತ್ತಿಗೆ ಆ ಮೀಸಲು ಉಳಿಯಂಗಿಲ್ಲ ಅಂತ ಲೆಕ್ಕ ಬಂದ್ರ ಮೇಡೇ ಮೇಡೇ ಮೇಡೇ ಫ್ಯುಯೆಲ್.

ರೇಡಿಯೊ ಕೆಟ್ರ 7600 ಹಾಕಿ, ಹವಾ ಚಲೋ ಇದ್ರ ಕಣ್ಣಿಲೆ ನೋಡಿಕೋಂತ ಸನೇಕದ ನಿಲ್ದಾಣಕ್ಕ ಇಳೀರಿ, ಟವರ್ ಲೈಟ್ ನೋಡ್ರಿ. ಗಟ್ಟಿ ಹಸಿರು ಇಳೀರಿ ಅಂತ, ಗಟ್ಟಿ ಕೆಂಪು ದಾರಿ ಬಿಟ್ಟು ಸುತ್ತಾಡ್ರಿ ಅಂತ, ಮಿಣುಕೋ ಕೆಂಪು ನಿಲ್ದಾಣ ಸರಿ ಇಲ್ಲ ಇಳೀಬ್ಯಾಡ್ರಿ ಅಂತ.

ಏಳನೇ ಹೆಜ್ಜಿ: ಇಳದಮ್ಯಾಲೆ ಬರೀರಿ

ಕ್ಲಿಯರೆನ್ಸ್ ಬಿಡಬೇಕಾಗಿ ಬಂದಿದ್ರ ಗಾಳ್ಯಾಗ ಆದಷ್ಟು ಲಗೂನ ಎಟಿಸಿಗೆ ಹೇಳಿರಬೇಕು, ಕೆಳಗ ಬಂದು ಅದನ್ನ ಬರದಿಡಬೇಕು. ಪ್ರಯಾರಿಟಿ ತಗೊಂಡಿದ್ರ ಯಾಕ ಅಂತ ವರದಿ ಕೇಳಬಹುದು, ಅಮೆರಿಕದಾಗಂತೂ ಕೇಳಿದ್ರ 48 ತಾಸಿನ್ಯಾಗ ಕೊಡಬೇಕು. ಅಂಜಬ್ಯಾಡ್ರಿ. ಟೈಮ್, ಎತ್ತರ, ಕೇಳಿಸಿದ್ದೇನು, ಕಂಡದ್ದೇನು, ಮಾಡಿದ್ದೇನು ಅಂತ ಅದೇ ದಿನ ಬರದ್ರ ಸಾಕು, ಎರಡು ದಿನ ಬಿಟ್ರ ನೆನಪು ತನಗ ಬೇಕಾದಂಗ ಕಥಿ ಕಟ್ಟಿರ್ತೈತಿ. ನಿಮ್ಮದ ತಪ್ಪಿದ್ರ ಅದನ್ನೂ ಬರೀರಿ.

ಇನ್ನ ಅಭ್ಯಾಸ. ರೇಡಿಯೊ ಲೈಸೆನ್ಸ್ ಅಂದ್ರ ಆರ್‌ಟಿಆರ್ ಪರೀಕ್ಷೆ ಮೊದ್ಲು ಟೆಲಿಕಾಂ ಇಲಾಖೆ ಕೈಯಾಗಿತ್ತು, ಹೊಸ ಕಾನೂನು ಅದನ್ನ ಡಿಜಿಸಿಎಗೆ ತಂದೈತಿ, ಯಾರ ಹತ್ರ ಇದ್ರೂ ಬಾಯಿ ತಿರುಗಬೇಕಾದ್ದು ನಿಮ್ಮದ. ನಾನು ರಜಾಕ್ಕ ಊರಿಗೆ ಬಂದಾಗ ಮಾಳಗಿ ಮ್ಯಾಲ ಕುಂತು ನಮ್ಮ ತಂಗಿ ಕೈಯಾಗ ಕ್ಲಿಯರೆನ್ಸ್ ಬರದ ಚೀಟಿ ಕೊಡ್ತಿದ್ದೆ, ಆಕಿ ಒಂದೊಂದ ಓದ್ತಿದ್ಲು, ನಾನು ತಿರುಗಿ ಹೇಳ್ತಿದ್ದೆ. ನಾಲ್ಕು ದಿನಕ್ಕ ಆಕಿ ಚೀಟ್ಯಾಗ ಇಲ್ಲದ್ದನ್ನ ಸೇರಸಾಕ ಶುರು ಮಾಡಿದ್ಲು, ನಡುವ ಎಲ್ಲೋ ಒಂದು ತಪ್ಪು ರನ್‌ವೇ ನಂಬರ್, ಇಲ್ಲಾ ನನ್ನ ಸೆಸ್ನಾಕ್ಕ 25,000 ಅಡಿ ಏರು ಅಂತ. ಮೊದಲನೇ ಸಲ ನಾನು ಅದನ್ನೂ ಪೂರಾ ತಿರುಗಿ ಹೇಳಿ ವಿಲ್ಕೋ ಅಂದಿದ್ದೆ, ಆಕಿ ಚೀಟಿ ಮಡಚಿ ಪಕ್ಕಕ್ಕಿಟ್ಟು, ಅಣ್ಣಾ, ಆ ವಿಮಾನ ಅಷ್ಟು ಏರ್ತೈತೇನು ಅಂತ ಕೇಳಿದ್ಲು.